ಕುಳಿ ಕಲ್ಲಿನಿಂದ ಬಿಳಿ ಪಟ್ಟೆವರೆಗೆ: ಕಾರಿಮಂಗಲದ ರಸ್ತೆಯ ಕಥೆ

ಧರ್ಮಪುರಿ ಸೀಮೆಯಲ್ಲಿ ಸಿಕ್ಕಿದ ಒಂದು ಹಳೇ ಕಲ್ಲಿನ ವಿಚಾರದಿಂದ ಶುರು ಮಾಡ್ತೇನೆ. ಅದು ಸುಮಾರು 13ನೇ ಶತಮಾನದ ದಾರಿಗಲ್ಲು. ಅದರ ಮೇಲೆ 'ಅಧಿಯಮಾನ್ ಪೆರುವಳಿ' ಅಂತ ದಾರಿಯ ಹೆಸರನ್ನು ತಮಿಳಲ್ಲಿ ಕೆತ್ತಿದ್ದಾರೆ. ಪೆರುವಳಿ ಅಂದರೆ ನಮ್ಮ ಮಾತಲ್ಲಿ ಹೆದ್ದಾರಿ. ನಾವಲ್ ತಾವಳಂ ಅನ್ನೋ ಜಾಗಕ್ಕೆ ಅಲ್ಲಿಂದ 29 ಕಾದಂ ದೂರ ಅಂತ ಅಂಕಿಯಲ್ಲಿ ತೋರಿಸಿದ್ದಾರೆ. ಕಾದಂ ಅನ್ನೋದು ನಮ್ಮ ಗಾವುದದ ಹಾಗೆ ದೂರದ ಅಳತೆ.

ಇಷ್ಟಕ್ಕೇ ಆ ಕೆತ್ತೋನು ಸುಮ್ಮನಾಗಲಿಲ್ಲ. ಅದೇ ಕಲ್ಲಿನ ಮೇಲೆ ಎರಡು ದೊಡ್ಡ ಕುಳಿ, ಒಂಬತ್ತು ಸಣ್ಣ ಕುಳಿ ಮಾಡಿದ. ದೊಡ್ಡ ಕುಳಿಗೆ ಹತ್ತು, ಸಣ್ಣ ಕುಳಿಗೆ ಒಂದು. ಓದು ಬಾರದೋನು ಬಂದರೆ ಬೆರಳಲ್ಲಿ ಮುಟ್ಟಿ ಎಣಿಸಿಕೊಳ್ಳಲಿ, ಇಪ್ಪತ್ತೊಂಬತ್ತು ಅಂತ ತಿಳಿಯಲಿ ಅನ್ನೋದು ಅವನ ಲೆಕ್ಕ. ಕತ್ತಲಲ್ಲಿ ಬಂದೋನೂ ತಡವಿ ನೋಡಬಹುದು. ಏಳು ನೂರು ವರ್ಷದ ಹಿಂದೆ ಈ ದಾರಿ ನೋಡಿಕೊಳ್ಳೋರು, ದಾರೀಲಿ ನಡೆಯೋನು ಯಾರು, ಅವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ಯೋಚನೆ ಮಾಡಿದ್ದರು. ಈ ಬರಹ ಪೂರ್ತಿ ನಾನು ಹೇಳಬೇಕಾಗಿರೋದು ಆ ಯೋಚನೆಯ ವಿಚಾರವೇ.

ನಡೆಯೋರ ದಾರಿ

ನಮ್ಮ ಕಾರಿಮಂಗಲಂ ಇರೋದು ಧರ್ಮಪುರಿಗೂ ಕೃಷ್ಣಗಿರಿಗೂ ಹೆಚ್ಚುಕಡಿಮೆ ನಡುವೆ. ದಕ್ಷಿಣಕ್ಕೆ ಹೋದರೆ ತೊಪ್ಪೂರು ಕಣಿವೆ ಇಳಿದು ಸೇಲಂ. ಉತ್ತರಕ್ಕೆ ಹೋದರೆ ಕಾವೇರಿಪಟ್ಟಣಂ, ಕೃಷ್ಣಗಿರಿ, ಅಲ್ಲಿಂದ ಹೊಸೂರು, ಬೆಂಗಳೂರು. ಪಡುವಣಕ್ಕೆ ಪಾಲಕ್ಕೋಡು. ಬೆಟ್ಟದ ಮೇಲೆ ಅರುಣಾಚಲೇಶ್ವರನ ಗುಡಿ, ಕೆಳಗೆ ಪೇಟೆ, ಮಂಗಳವಾರ ಸಂತೆ. ಕನ್ನಡ ಈ ಸೀಮೆಗೆ ಹೊಸದಲ್ಲ. ಧರ್ಮಪುರಿಗೆ ಹಿಂದೆ ತಗಡೂರು ಅಂತ ಹೆಸರು. ಒಂಬತ್ತನೇ ಶತಮಾನದಲ್ಲಿ ನೊಳಂಬರು ಅಲ್ಲಿ ಆಳುತ್ತಿದ್ದ ಕಾಲದ ಕನ್ನಡ ಶಾಸನಗಳು ಇವೆ. ಮೇಲಿನ ಸೀಮೆಯ ಮಾತು, ಕೆಳಗಿನ ಸೀಮೆಯ ಸರಕು ಎಲ್ಲ ಓಡಾಡಿದ್ದು ಇಂಥ ದಾರಿಗಳಲ್ಲೇ.

ಆ ದಾರೀಲಿ ಹೋಗೋರಲ್ಲಿ ಬಹುಪಾಲು ನಡೆಯೋರು. ಎತ್ತಿನ ಮೇಲೆ, ಕತ್ತೆ ಮೇಲೆ ಹೇರು ಹೇರಿಕೊಂಡು ಹೋಗೋ ವರ್ತಕನೂ ಪಕ್ಕದಲ್ಲಿ ನಡೆದೇ ಹೋಗುತ್ತಿದ್ದ. ಹಾಗಾಗಿ ದಾರಿಯ ಕೆಲಸ ಅಂದರೆ ನಡೆಯೋರಿಗೆ ಬೇಕಾದ ಕೆಲಸ. ನೆರಳಿಗೆ ಸಾಲುಮರ. ಕುಡಿಯೋ ನೀರಿಗೆ ಬಾವಿ. ರಾತ್ರಿ ತಂಗಲಿಕ್ಕೆ ಛತ್ರ. ಅದರ ಜೊತೆಗೆ ಹೊರೆಗಲ್ಲು.

ಹೊರೆಗಲ್ಲನ್ನು ಈಗಿನ ಮಕ್ಕಳು ನೋಡಿಲ್ಲದೆ ಇರಬಹುದು, ಅದಕ್ಕೇ ಹೇಳ್ತೇನೆ. ಎರಡು ಕಲ್ಲು ನೆಟ್ಟು ಅದರ ಮೇಲೆ ಒಂದು ಚಪ್ಪಡಿ ಅಡ್ಡ ಇಟ್ಟಿರ್ತಾರೆ. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆ. ತಲೆ ಮೇಲೆ ಹೊರೆ ಇರೋನು ಒಬ್ಬನೇ ಬಂದರೆ ಹೊರೆ ಇಳಿಸಲಿಕ್ಕೆ, ಮತ್ತೆ ಎತ್ತಲಿಕ್ಕೆ ಇನ್ನೊಬ್ಬ ಆಳು ಬೇಕು. ಆ ಕಲ್ಲಿದ್ದರೆ ಯಾರೂ ಬೇಕಿಲ್ಲ. ಹೊರೆಯನ್ನು ಚಪ್ಪಡಿ ಮೇಲೆ ಜಾರಿಸಿ ಇಟ್ಟು ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೊರಡಬಹುದು. ತಮಿಳಿನಲ್ಲಿ ಇದಕ್ಕೆ ಸುಮೈತಾಂಗಿ ಅಂತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಮನೆಯೋರು ಇಂಥ ಕಲ್ಲು ನೆಡಿಸೋ ರೂಢಿ ತಮಿಳು ಸೀಮೆಯಲ್ಲಿತ್ತು. ಹೊರೆ ಇಳಿಸದೇ ಹೋದವಳ ಹೆಸರಲ್ಲಿ ಬೇರೆಯೋರ ಹೊರೆ ಇಳಿಯಲಿ ಅಂತ. ಒಂದು ಸಾವಿಗೆ ದಾರಿಯಲ್ಲಿ ಒಂದು ಸಣ್ಣ ಕೆಲಸ ಮಾಡಿ ಉತ್ತರ ಕೊಡುತ್ತಿದ್ದರು.

ಇನ್ನೊಂದು ಅರವಟ್ಟಿಗೆ. ಬೇಸಿಗೆ ಬಂದಾಗ ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಹೊದಿಸಿ, ಮಡಿಕೇಲಿ ನೀರು, ಮಜ್ಜಿಗೆ, ಪಾನಕ ಇಡ್ತಾರೆ. ಮಳೆ ಬಿದ್ದ ಮೇಲೆ ಬಿಚ್ಚಿ ಹಾಕ್ತಾರೆ. ಎರಡು ಮೂರು ತಿಂಗಳ ಕೆಲಸ. ಅದನ್ನು ಯಾರೂ ಅರೆಬರೆ ಕೆಲಸ ಅಂತ ಆಡಿಕೊಳ್ಳಲಿಲ್ಲ. ಮುಂದೊಂದು ದಿನ ದೊಡ್ಡ ಛತ್ರ ಕಟ್ಟಿಸ್ತೇವೆ, ಅಲ್ಲೀವರೆಗೂ ಬಾಯಾರಿಕೊಂಡೇ ನಡೀರಿ ಅಂತಲೂ ಹೇಳಲಿಲ್ಲ. ಬಿಸಿಲು ಈಗ ಇದೆ, ನೀರು ಈಗಲೇ ಬೇಕು. ಅಷ್ಟೇ ಅವರ ಲೆಕ್ಕ.

ಗಾಡಿ ಬಂತು, ರೈಲು ದೂರ ಹೋಯಿತು

ಹದಿನೆಂಟನೇ ಶತಮಾನದಲ್ಲಿ ಬಾರಾಮಹಲ್ ಸೀಮೆ ಯುದ್ಧದ ಬೀದಿಯಾಯಿತು. ಹೈದರನ ಸೈನ್ಯ, ಕಂಪನಿ ಸೈನ್ಯ, ಟಿಪ್ಪುವಿನ ಸೈನ್ಯ ಎಲ್ಲವೂ ಈ ಮಾರ್ಗದಲ್ಲಿ ಹೋಗಿ ಬಂದವು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅಲೆಕ್ಸಾಂಡರ್ ರೀಡ್ ಅನ್ನೋರು ಇದರ ಆಡಳಿತಕ್ಕೆ ಬಂದರು. ಅವರ ಕೈಕೆಳಗೆ ಥಾಮಸ್ ಮನ್ರೋ 1799ರವರೆಗೆ ಕೆಲಸ ಮಾಡಿದರು. ಹೊಲ ಅಳೆದು, ರೈತನ ಜೊತೆ ನೇರವಾಗಿ ಕಂದಾಯ ಗೊತ್ತು ಮಾಡೋ ರೈತವಾರಿ ಪದ್ಧತಿಗೆ ಇಲ್ಲೇ ತಳಪಾಯ ಬಿತ್ತು. ಅಳತೆ ಮಾಡದೆ ಯಾವುದನ್ನೂ ಗೊತ್ತು ಮಾಡಬಾರದು ಅನ್ನೋ ಪಾಠ ನಮ್ಮ ಸೀಮೆಯಲ್ಲಿ ಅವತ್ತೇ ಆಗಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1876ರಿಂದ 78ರ ದೊಡ್ಡ ಬರದಲ್ಲಿ ಸೇಲಂ ಜಿಲ್ಲೆಗೆ ಬಲವಾದ ಏಟು ಬಿತ್ತು. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಹಸಿದ ಜನಕ್ಕೆ ಜಲ್ಲಿ ಒಡೆಯೋ, ರಸ್ತೆ ಹಾಕೋ ಕೆಲಸ ಕೊಟ್ಟು ಕೂಲಿ ಕೊಟ್ಟರು. ಇವತ್ತು ನಾವು ಓಡಾಡೋ ಎಷ್ಟೋ ರಸ್ತೆಗಳ ಅಡಿಪಾಯದಲ್ಲಿ ಬರದ ಜನರ ಬೆವರಿದೆ. 1884ರಲ್ಲಿ ಮದ್ರಾಸಿನ ಲೋಕಲ್ ಬೋರ್ಡ್ ಕಾಯಿದೆ ಬಂತು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಕೈಗೆ ರಸ್ತೆ, ಸಾಲುಮರ, ಛತ್ರ ಬಂದವು. ಗಾಡಿಗೆ ರಸ್ತೆ, ನಡೆಯೋರಿಗೆ ಮರ, ಎರಡೂ ಒಂದೇ ಕೈಲಿ ಇದ್ದವು.

ಆಮೇಲೆ ರೈಲು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಪುಟ್ಟ ರೈಲು ಬಂತು. 1913ರಲ್ಲಿ ಅದು ಪಾಲಕ್ಕೋಡು, ರಾಯಕೋಟೆ ಹಾದು ಹೊಸೂರಿಗೆ ಹೋಯಿತು. ಕಾರಿಮಂಗಲವನ್ನು ಅದು ಮುಟ್ಟಲೇ ಇಲ್ಲ. 1941ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, ಆ ರೈಲೂ ನಿಂತುಹೋಯಿತು. ಹಾಗಾಗಿ ನಮ್ಮೂರಿಗೆ ಅವತ್ತಿಗೂ ಇವತ್ತಿಗೂ ರಸ್ತೆಯೇ ಗತಿ. ತೆಂಗಿನಕಾಯಿ ಹೋಗೋದು ರಸ್ತೇಲಿ, ಮೇಕೆ ಬರೋದು ರಸ್ತೇಲಿ, ಹೆಣ್ಣು ಕೊಡೋದು ತರೋದೂ ರಸ್ತೇಲೇ.

ನಮ್ಮಜ್ಜಿ ಸಂತೆಗೆ ನಡೆದೇ ಹೋಗೋಳು. ತಲೆ ಮೇಲೆ ಪುಟ್ಟಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಎದುರಿಗೆ ಎತ್ತಿನ ಗಾಡಿ ಬಂದರೆ ಗಾಡಿಯೋನೇ ಹೋ ಅಂತ ಎತ್ತು ನಿಲ್ಲಿಸಿ, "ಹೋಗಮ್ಮ ನೀನು ಮೊದ್ಲು" ಅನ್ನೋನಂತೆ. ಎತ್ತಿನ ಗಾಡಿ ನಿಲ್ಲಲಿಕ್ಕೆ ಎರಡು ಮಾರು ಸಾಕು. ಹೋಗೋನಿಗೂ ನಿಲ್ಲೋಳಿಗೂ ಒಬ್ಬರ ಮುಖ ಒಬ್ಬರಿಗೆ ಕಾಣೋದು. ಈ ಮಾತು ಹಳೇ ಕಾಲ ಚೆನ್ನಾಗಿತ್ತು ಅಂತ ಹೊಗಳಲಿಕ್ಕೆ ಹೇಳ್ತಾ ಇಲ್ಲ. ಅವತ್ತು ಕಾಲರಾ ಇತ್ತು, ಹಸಿವು ಇತ್ತು, ಎಲ್ಲರೂ ಎಲ್ಲಾ ದಾರೀಲೂ ನಡೆಯೋ ಹಾಗೂ ಇರಲಿಲ್ಲ. ನಾನು ಹೇಳೋದು ವೇಗದ ವಿಚಾರ ಮಾತ್ರ.

ಹೆದ್ದಾರಿ ಹೊರಗೆ, ಹಳೇ ರೋಡು ಒಳಗೆ

1943ರಲ್ಲಿ ನಾಗಪುರದಲ್ಲಿ ಇಂಜಿನಿಯರುಗಳು ಸೇರಿ ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ವಿಂಗಡಿಸಿದರು. ನಮ್ಮ ದಾರಿ ವಾರಾಣಸಿಯಿಂದ ಕನ್ಯಾಕುಮಾರಿವರೆಗಿನ ರಾಷ್ಟ್ರೀಯ ಹೆದ್ದಾರಿ 7ಕ್ಕೆ ಸೇರಿತು. 1965ರ ಅಕ್ಟೋಬರ್ 2ರಂದು ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆ ಎರಡು ಸಲ ಒಡೆದರೂ ರಸ್ತೆ ಒಂದೇ ಉಳಿಯಿತು. ಉತ್ತರ ದಕ್ಷಿಣ ಕಾರಿಡಾರ್ ಯೋಜನೆ ಬಂದು ಹೆದ್ದಾರಿ ನಾಲ್ಕು ಸಾಲಿನದ್ದಾಯಿತು. 2010ರಲ್ಲಿ ನಂಬರ್ ಬದಲಾಗಿ 44 ಆಯಿತು. ಈಗ ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಅದು ಒಂದೇ ರಸ್ತೆ.

ದೂರದ ಲಾರಿಗಳು ನಾಲ್ಕು ಸಾಲಿನ ರಸ್ತೇಲಿ ಹೋದವು. ಇನ್ನು ಊರೊಳಗಿನ ರೋಡು ನಮ್ಮದೇ, ನೆಮ್ಮದಿ ಅಂತ ಅಂದುಕೊಂಡೆವು. ಹಾಗಾಗಲಿಲ್ಲ. ಕೃಷ್ಣಗಿರಿ, ಹೊಸೂರು ಕಡೆ ಕೆಲಸಕ್ಕೆ ಹೋಗೋರ ಬೈಕು, ಕಾರ್ಖಾನೆ ವ್ಯಾನು, ಸ್ಕೂಲ್ ಬಸ್ಸು, ಶೇರ್ ಆಟೋ, ಗ್ರಾನೈಟ್ ಲಾರಿ, ಮಾವಿನ ಕಾಲದಲ್ಲಿ ಮಾವಿನ ಲೋಡು, ಜಲ್ಲಿ ಟಿಪ್ಪರು, ಎಲ್ಲವೂ ಊರ ರೋಡಿಗೇ ಬಂದು ಸೇರುತ್ತವೆ. ಪೇಟೆಯ ಹೊರಗಿನ ಹೊಲಗಳು ಸೈಟಾದವು. ಹಳ್ಳಿ ರಸ್ತೆ ಅಂತ ಹಾಕಿದ್ದು ಪಟ್ಟಣದ ಸೆರಗಿನ ರಸ್ತೆಯಾಗಿಬಿಟ್ಟಿತು. ಅಗಲ ಮಾತ್ರ ಅಷ್ಟೇ ಇದೆ. ಮರ ಹೋಯಿತು, ಹೊರೆಗಲ್ಲು ಹೋಯಿತು, ನಡೆಯೋ ಅಂಚೂ ಹೋಯಿತು.

ಮೊನ್ನೆ ಒಂದು ಮಂಗಳವಾರ ಟೀ ಅಂಗಡಿ ಮುಂದೆ ನಿಂತಿದ್ದೆ. ಒಬ್ಬ ಅಜ್ಜಿ ತಲೆ ಮೇಲೆ ಮೂಟೆ ಹೊತ್ತು ರೋಡು ದಾಟಲಿಕ್ಕೆ ನೋಡ್ತಾ ಇದ್ದಳು. ಒಂದು ಹೆಜ್ಜೆ ಇಡೋದು, ಹಿಂದಕ್ಕೆ ತೆಗೆಯೋದು. ಮತ್ತೆ ಇಡೋದು, ಮತ್ತೆ ತೆಗೆಯೋದು. ಪಕ್ಕದಲ್ಲಿದ್ದ ಹುಡುಗ ಕೈ ಹಿಡಿದು ದಾಟಿಸಿದ. ಆ ಹುಡುಗ ಇಲ್ಲದೆ ಇದ್ದಿದ್ದರೆ? ಒಂದು ಊರಿನ ರಸ್ತೆ, ಪುಣ್ಯಾತ್ಮ ಯಾರಾದರೂ ಪಕ್ಕದಲ್ಲಿರ್ತಾನೆ ಅನ್ನೋ ನಂಬಿಕೆ ಮೇಲೆ ನಡೆಯಬಾರದು.

ಆರು ಸೆಕೆಂಡಿನ ಲೆಕ್ಕ

ಮೇಷ್ಟ್ರುಗಳಿಗೆ ಒಂದು ಲೆಕ್ಕ ಕೊಡ್ತೇನೆ. ಏಳನೇ ಕ್ಲಾಸಿನ ಮಕ್ಕಳ ಕೈಲೂ ಮಾಡಿಸಬಹುದು. ಎರಡು ಸಾಲಿನ ರೋಡಿನ ಅಗಲ ಸುಮಾರು 7 ಮೀಟರ್. ಆರೋಗ್ಯವಾಗಿರೋರು ಸೆಕೆಂಡಿಗೆ 1.2 ಮೀಟರ್ ನಡೀತಾರೆ ಅಂತ ಇಂಜಿನಿಯರುಗಳು ಲೆಕ್ಕ ಹಿಡೀತಾರೆ. ಅಂದರೆ ದಾಟಲಿಕ್ಕೆ ಸುಮಾರು 6 ಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರೋ ಗಾಡಿ ಆ 6 ಸೆಕೆಂಡಿನಲ್ಲಿ 100 ಮೀಟರ್ ಬರುತ್ತೆ. ಮೂಟೆ ಹೊತ್ತ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವಳಿಗೆ ಸುಮಾರು 9 ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ 150 ಮೀಟರ್ ಬರುತ್ತೆ. ಅಂದರೆ ಅವಳು ಕಾಲಿಡೋ ಹೊತ್ತಿಗೆ 150 ಮೀಟರ್ ಆಚೆ ಇರೋ ಗಾಡಿಯನ್ನು ಗುರುತು ಹಿಡಿದು, ಅದರ ವೇಗ ಅಂದಾಜು ಮಾಡಬೇಕು. ಕಣ್ಣಿಗೆ ಪೊರೆ ಬಂದಿರೋಳಿಗೆ, ಏಳು ವರ್ಷದ ಮಗುವಿಗೆ, ಇದು ಆಗೋ ಕೆಲಸವೇ?

ಈಗ ಗಾಡಿ ಕಡೆಯಿಂದ ನೋಡೋಣ. ಡ್ರೈವರು ನೋಡಿ, ಕಾಲು ಬ್ರೇಕಿಗೆ ಹೋಗಲಿಕ್ಕೆ ಒಂದು ಸೆಕೆಂಡ್ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆ ಬ್ರೇಕು ಇರೋ ಕಾರು 60ರ ವೇಗದಲ್ಲಿದ್ದರೆ ನಿಲ್ಲಲಿಕ್ಕೆ ಹೆಚ್ಚುಕಡಿಮೆ 37 ಮೀಟರ್ ಬೇಕು. 30ರಲ್ಲಿದ್ದರೆ 13 ಮೀಟರ್ ಸಾಕು. ವೇಗ ಅರ್ಧ ಆದರೆ ಬ್ರೇಕು ಹಿಡಿದ ಮೇಲೆ ಓಡೋ ದೂರ ನಾಲ್ಕರಲ್ಲಿ ಒಂದು ಪಾಲಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಇನ್ನೊಂದು ರೀತಿ ಹೇಳುತ್ತೆ: ಕಾರಿನ ಮುಂಭಾಗ ಬಡಿದು ಸಾಯೋ ಅಪಾಯ 50 ಕಿ.ಮೀ.ನಿಂದ 65 ಕಿ.ಮೀ.ಗೆ ಏರಿದರೆ ನಾಲ್ಕೂವರೆ ಪಟ್ಟಾಗುತ್ತೆ. ಊರೊಳಗಿನ ಅರ್ಧ ಕಿಲೋಮೀಟರ್ ಅನ್ನು 60ರ ಬದಲು 30ರಲ್ಲಿ ದಾಟಿದರೆ ಡ್ರೈವರಿಗೆ ಹೆಚ್ಚಾಗೋದು ಅರ್ಧ ನಿಮಿಷ.

ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದೋರು. ಆ ವರ್ಷ ಅಪಘಾತಗಳ ಸಂಖ್ಯೆಯಲ್ಲಿ ದೇಶಕ್ಕೇ ಮೊದಲನೇದು ನಮ್ಮ ತಮಿಳುನಾಡು. ಬೇರೆ ಎಲ್ಲದರಲ್ಲೂ ಮೊದಲಿರಬೇಕು ಅಂತ ಆಸೆ ಪಡೋ ನಾವು ಇದರಲ್ಲಿ ಹಿಂದೆ ಬೀಳೋದನ್ನ ಕಲಿಯಬೇಕು.

ಬೇರೆ ಊರುಗಳು ಮಾಡಿದ್ದು

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಹಾಲೆಂಡಿನಲ್ಲಿ ಈಗ ಎಲ್ಲರೂ ಸೈಕಲ್ ತುಳೀತಾರೆ ಅಂತ ಹೊಗಳ್ತೇವೆ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆ ಬೀದಿಗಿಳಿದರು, ರೋಡಿನಲ್ಲೇ ಕೂತರು. ಆಮೇಲೆ ಸರ್ಕಾರ ಬೀದಿಗಳನ್ನು ತಿದ್ದಲಿಕ್ಕೆ ಶುರು ಮಾಡಿತು. ಅಲ್ಲೂ ಜಗಳ ಮಾಡಿಯೇ ಪಡೆದದ್ದು.

ನಾವು ಜೀಬ್ರಾ ಕ್ರಾಸಿಂಗ್ ಅನ್ನೋ ಪಟ್ಟೆಯೂ ಪ್ರಯೋಗದಿಂದಲೇ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಮೊದಲು ಕಂಬ ನೆಟ್ಟು, ರೋಡಿನಲ್ಲಿ ಲೋಹದ ಬಿಲ್ಲೆ ಹೊಡೆದಿದ್ದರು. ಡ್ರೈವರಿಗೆ ಕಾಣಲಿಲ್ಲ. 1949ರಲ್ಲಿ ಸಾವಿರ ಜಾಗದಲ್ಲಿ ಬಣ್ಣದ ಪಟ್ಟೆ ಬಳಿದು ನೋಡಿದರು. ದೂರದಿಂದ ಕಂಡಿತು. 1951ರಲ್ಲಿ ಅದನ್ನು ಕಾಯಿದೆ ಮಾಡಿದರು. ಮೊದಲು ಬಣ್ಣ, ಆಮೇಲೆ ಕಾನೂನು. ಓದು ಬಾರದೋನಿಗೂ ಕಾಣೋ ಪಟ್ಟೆ ಅದು; ನಮ್ಮ ಕುಳಿ ಕಲ್ಲಿನ ತಮ್ಮ.

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2009ರಲ್ಲಿ ಕಾರು ಹೋಗೋ ಜಾಗಕ್ಕೆ ಅಡ್ಡ ಇಟ್ಟು, ಮಡಿಸೋ ಕುರ್ಚಿ ಹಾಕಿ ಜನರನ್ನು ಕೂರಿಸಿದರು. ಲೆಕ್ಕ ಹಾಕಿ ನೋಡಿ ಒಳ್ಳೇದಾಯಿತು ಅಂತ ಗೊತ್ತಾದ ಮೇಲೆ ಶಾಶ್ವತ ಮಾಡಿದರು. ನಮ್ಮ ಚೆನ್ನೈನ ಪಾಂಡಿ ಬಜಾರಿನಲ್ಲೂ ಹೀಗೇ. 2016ರಲ್ಲಿ ಪ್ರಯೋಗ ಮಾಡಿ ನೋಡಿ, 2019ರಲ್ಲಿ ಅಗಲವಾದ ಕಾಲುದಾರಿ ತೆರೆದರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಗಾಡಿ ಬಿಡದೆ ನೋಡಿದರು. ಅವೆಲ್ಲ ದೊಡ್ಡ ಪಟ್ಟಣ, ದುಡ್ಡಿರೋ ಜಾಗ. ಅವರ ಕುರ್ಚಿ ನಮಗೆ ಬೇಕಿಲ್ಲ. ಅವರ ಕ್ರಮ ಬೇಕು: ಮೊದಲು ಎಣಿಸು, ಸುಲಭವಾಗಿ ತೆಗೆಯಬಹುದಾದ ಸಾಮಾನಿನಿಂದ ಮಾಡಿ ನೋಡು, ಮತ್ತೆ ಎಣಿಸು, ಸರಿ ಕಂಡರೆ ಗಾರೆ ಹಾಕು.

ನಮ್ಮ ರೋಡಿಗೆ ಏನು ಮಾಡಬಹುದು

ಮೊದಲನೇದು ಎಣಿಕೆ. ಹೊಲ ಅಳೆದ ಸೀಮೆ ನಮ್ಮದು, ರೋಡನ್ನೂ ಅಳೆಯೋಣ. ಸ್ಕೂಲ್ ಬಿಡೋ ಹೊತ್ತು, ಕೂಡೋ ಹೊತ್ತು, ಒಂದು ಸಂತೆ ದಿನ, ಒಂದು ಸಾಮಾನ್ಯ ದಿನ. ಯಾವ ಜಾಗದಲ್ಲಿ ಎಷ್ಟು ಜನ ದಾಟ್ತಾರೆ, ಅದರಲ್ಲಿ ಮಕ್ಕಳೆಷ್ಟು, ವಯಸ್ಸಾದೋರೆಷ್ಟು, ಎಷ್ಟು ಹೊತ್ತು ಕಾಯ್ತಾರೆ. ದೊಡ್ಡೋರ ಜೊತೆ ಮಕ್ಕಳು ರೋಡಿನ ಅಂಚಿಗೆ ದೂರದಲ್ಲಿ ಕೂತು ಗೀಟು ಹಾಕಿದರೆ ಸಾಕು. ಜನ ಎಲ್ಲಿ ದಾಟಬೇಕು ಅಂತ ನಾವು ಹೇಳೋದಲ್ಲ. ಅವರು ಎಲ್ಲಿ ದಾಟ್ತಾರೋ ಅಲ್ಲೇ ಪಟ್ಟೆ ಬರಬೇಕು. ಇನ್ನೂರು ಮೀಟರ್ ಸುತ್ತಿ ಬಾ ಅಂದರೆ ಯಾರೂ ಹೋಗಲ್ಲ.

ಎರಡನೇದು, ಪಟ್ಟೆ ಕಾಣಬೇಕು. ಪಟ್ಟೆಗೆ ಮುಂಚೆ ಆಟೋ, ಬೈಕು, ಹಣ್ಣಿನ ಗಾಡಿ ನಿಂತಿದ್ದರೆ ದಾಟೋ ಮಗು ಡ್ರೈವರಿಗೆ ಕಾಣಲ್ಲ. ಎರಡೂ ಕಡೆ ಹತ್ತು ಹದಿನೈದು ಮೀಟರ್ ಖಾಲಿ ಬಿಡಿಸಬೇಕು. ಮೇಲೆ ಒಂದು ದೀಪ ಬೇಕು. 2017ರ ಚಾಲನಾ ನಿಯಮದ ಪ್ರಕಾರ ಸಿಗ್ನಲ್ ಇಲ್ಲದ ಪಟ್ಟೆಯಲ್ಲಿ ಗಾಡಿಯೋನೇ ನಿಂತು ನಡೆಯೋರಿಗೆ ದಾರಿ ಬಿಡಬೇಕು. ಈ ನಿಯಮ ಎಷ್ಟು ಡ್ರೈವರಿಗೆ ಗೊತ್ತು ಅಂತ ನಿಮ್ಮ ಮನೆಯ ಹುಡುಗರನ್ನೇ ಕೇಳಿ ನೋಡಿ.

ಮೂರನೇದು, ನಡುವೆ ನಿಲ್ಲೋ ಜಾಗ. ಇದೇ ನಮ್ಮ ಕಾಲದ ಹೊರೆಗಲ್ಲು. ರೋಡು ಅಗಲ ಇರೋ ಕಡೆ ಮಧ್ಯದಲ್ಲಿ ಮರಳು ತುಂಬಿದ ಡ್ರಮ್ಮು, ಮಿಂಚೋ ಪಟ್ಟಿ ಹಚ್ಚಿದ ಕಂಬ ಇಟ್ಟು ಒಂದೂವರೆ, ಎರಡು ಮೀಟರ್ ಜಾಗ ಮಾಡಿದರೆ, ಅಜ್ಜಿ ಅರ್ಧ ದಾಟಿ ನಿಂತು ಉಸಿರು ಬಿಟ್ಟು, ಇನ್ನೊಂದು ಕಡೆ ನೋಡಿಕೊಂಡು ಮಿಕ್ಕ ಅರ್ಧ ದಾಟ್ತಾಳೆ. ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ನೋಡಿಕೊಂಡರೆ ಸಾಕು. ಡ್ರಮ್ಮು ಸರಿಯಾದ ಜಾಗದಲ್ಲಿ ಇಲ್ಲ ಅಂತ ಕಂಡರೆ ನಾಳೆ ಸರಿಸಬಹುದು. ಕಾಂಕ್ರೀಟು ಹಾಕಿದ ಮೇಲೆ ಸರಿಸಲಿಕ್ಕಾಗಲ್ಲ.

ನಾಲ್ಕನೇದು ವೇಗ ತಡೆ. ಇಲ್ಲಿ ಎಚ್ಚರ ಬೇಕು. ಒಂದು ಅಪಘಾತ ಆದ ಮಾರನೇ ದಿನ ಸಿಟ್ಟಿನಲ್ಲಿ ಟಾರು, ಕಲ್ಲು ಗುಡ್ಡೆ ಹಾಕಿ ಉಬ್ಬು ಮಾಡ್ತೇವೆ. ಬಣ್ಣ ಇರಲ್ಲ, ಬೋರ್ಡು ಇರಲ್ಲ. ರಾತ್ರಿ ಬೈಕಿನೋನು ಹಾರಿ ಬೀಳ್ತಾನೆ, ಬಸುರಿ ಹೆಂಗಸಿಗೆ ಆಟೋದಲ್ಲಿ ಸೊಂಟ ಮುರಿಯುತ್ತೆ. ಭಾರತೀಯ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಅಳತೆ ಇದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ದುಂಡಗೆ. ಅದರ ಮೇಲೆ ಗಾಡಿ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಸಲೀಸಾಗಿ ಹೋಗುತ್ತೆ, ಜೋರಾಗಿ ಬಂದರೆ ಮಾತ್ರ ಎತ್ತಿ ಹಾಕುತ್ತೆ. ಕಿರಿದಾಗಿ ಎತ್ತರ ಮಾಡಿದ ಉಬ್ಬು ನಿಧಾನ ಬರೋನಿಗೂ ಶಿಕ್ಷೆ ಕೊಡುತ್ತೆ. ಇದನ್ನು ಊರೋರು ಹಾಕಬಾರದು, ಇಲಾಖೆ ಕೈಲೇ ಹಾಕಿಸಬೇಕು.

ಐದನೇದು ಬಸ್ ಸ್ಟಾಪು. ಬಸ್ಸು ಪಟ್ಟೆಗೆ ಮುಂಚೆ ನಿಂತರೆ ಇಳಿದೋರು ಬಸ್ಸಿನ ಮುಂದುಗಡೆಯಿಂದ ದಾಟ್ತಾರೆ. ಹಿಂದಿನಿಂದ ಮುಂದೆ ನುಗ್ಗೋ ಗಾಡಿಗೆ ಅವರು ಕಾಣಲ್ಲ. ಬಸ್ಸು ಪಟ್ಟೆ ದಾಟಿ ಸ್ವಲ್ಪ ಮುಂದೆ ನಿಂತರೆ ಜನ ಬಸ್ಸಿನ ಹಿಂದುಗಡೆಯಿಂದ ದಾಟ್ತಾರೆ, ಬರೋ ಗಾಡಿ ಅವರಿಗೂ ಕಾಣುತ್ತೆ, ಅವರು ಗಾಡಿಗೂ ಕಾಣ್ತಾರೆ. ಬೋರ್ಡು ಕಿತ್ತು ಮೂವತ್ತು ಮೀಟರ್ ಮುಂದೆ ನೆಡೋ ಕೆಲಸ ಇದು.

ಆರನೇದು ಸಂತೆ. ಬೀದಿ ವ್ಯಾಪಾರಿಗಳನ್ನು ಓಡಿಸಿಬಿಟ್ಟರೆ ರೋಡು ಸರಿಹೋಗುತ್ತೆ ಅನ್ನೋರು ಇದ್ದಾರೆ. ಅದು ತಪ್ಪು. ಸಂತೆ ಇರೋದರಿಂದಲೇ ಇದು ಪೇಟೆ. 2014ರ ಕಾಯಿದೆ ಬೀದಿ ವ್ಯಾಪಾರಿಗೆ ಹಕ್ಕು ಕೊಟ್ಟಿದೆ. ನಡೆಯೋರಿಗೂ ಹಕ್ಕಿದೆ, ಅಡ್ಡಿಯಿಲ್ಲದ ಕಾಲುದಾರಿ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಎರಡನ್ನೂ ಸುಣ್ಣದ ಗೆರೆ ಎಳೆದು ಹೊಂದಿಸಬಹುದು. ಗೆರೆಯಿಂದ ಒಳಗೆ ಅಂಗಡಿ, ಹೊರಗೆ 1.8 ಮೀಟರ್ ನಡೆಯೋ ದಾರಿ, ಅದರಾಚೆ ಗಾಡಿ. ಗೆರೆ ಎಳೆಯೋವಾಗ ವ್ಯಾಪಾರ ಮಾಡೋ ಹೆಂಗಸರನ್ನೂ ಕೂರಿಸಿಕೊಂಡೇ ಎಳೆಯಬೇಕು. ಒಡೆದ ಚರಂಡಿ ಚಪ್ಪಡಿ ಮುಚ್ಚಿಸಿದರೆ ಅರ್ಧ ಕಾಲುದಾರಿ ತಾನಾಗೇ ಸಿಗುತ್ತೆ.

ಯಾರನ್ನು ಕೇಳೋದು

ಮನು ಬರೆಯೋ ಮುಂಚೆ ರೋಡು ಯಾರದು ಅಂತ ತಿಳಿಯಬೇಕು. ಹೆದ್ದಾರಿ ಪ್ರಾಧಿಕಾರದ್ದೋ, ರಾಜ್ಯದ ಹೆದ್ದಾರಿ ಇಲಾಖೆಯದ್ದೋ, ಪಟ್ಟಣ ಪಂಚಾಯ್ತಿಯದ್ದೋ. ತಪ್ಪು ಬಾಗಿಲು ತಟ್ಟಿದರೆ ಮನು ಮೇಜಿಂದ ಮೇಜಿಗೆ ಹೋಗ್ತಾ ವರ್ಷ ಕಳೆಯುತ್ತೆ. ಜಿಲ್ಲೆಗೆ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ, ಕಲೆಕ್ಟರೇ ಅಧ್ಯಕ್ಷರು. ಸೋಮವಾರ ಕಲೆಕ್ಟರ್ ಆಫೀಸಿನಲ್ಲಿ ಮನು ಕೊಡಬಹುದು. ಬರೀ "ರೋಡು ಅಪಾಯ" ಅಂತ ಬರೆದ ಕಾಗದಕ್ಕೂ, ಎಣಿಕೆ, ನಕಾಶೆ, ಕೇಳೋ ಆರು ಕೆಲಸ ಬರೆದ ಕಾಗದಕ್ಕೂ ವ್ಯತ್ಯಾಸ ಇದೆ. ಕೊಯಮತ್ತೂರಿನ ಮೂಳೆ ಡಾಕ್ಟರು ಎಸ್. ರಾಜಶೇಖರನ್ 2012ರಲ್ಲಿ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2014ರಲ್ಲಿ ನ್ಯಾಯಮೂರ್ತಿ ರಾಧಾಕೃಷ್ಣನ್ ಅವರ ಸಮಿತಿ ಆಯಿತು. ಕಾಲುದಾರಿ ಹಕ್ಕಿನ ಮಾತು ಬಂದದ್ದೂ ಅದೇ ಮೊಕದ್ದಮೆಯಲ್ಲಿ.

ಒಂದು ಆಕ್ಷೇಪಣೆ ನನಗೂ ಗೊತ್ತು. ನಮ್ಮಲ್ಲಿ ತಾತ್ಕಾಲಿಕ ಅಂದರೆ ಅದೇ ಶಾಶ್ವತ; ಬಣ್ಣ ಮಳೆಗೆ ಹೋಗುತ್ತೆ, ಡ್ರಮ್ಮನ್ನು ಯಾರೋ ಹೊತ್ತುಕೊಂಡು ಹೋಗ್ತಾರೆ, ಕಡೆಗೆ ಏನೂ ಉಳಿಯಲ್ಲ. ಈ ಮಾತಲ್ಲಿ ಸತ್ಯ ಇದೆ. ಬರೀ ಬಣ್ಣ ಬಳಿದು ವೇಗ ತಗ್ಗಿಸದೆ ಬಿಟ್ಟರೆ ಪಟ್ಟೆ ನಂಬಿ ಕಾಲಿಟ್ಟೋರಿಗೇ ಅಪಾಯ, ಇದೂ ಸತ್ಯ. ಅದಕ್ಕೇ ಮನುವಿನಲ್ಲಿ ಮೂರು ತಾರೀಖು ಬರೆಯಬೇಕು: ಯಾವತ್ತು ಶುರು, ಯಾವತ್ತು ಮರುಎಣಿಕೆ, ಯಾವತ್ತು ಗಾರೆ ಕೆಲಸ. ಆದರೆ ದೊಡ್ಡ ಕೆಲಸ ಬರಲಿ ಅಂತ ಸುಮ್ಮನೆ ಕೂರೋದಕ್ಕೂ ಬೆಲೆ ಇದೆ. ಮೇಲ್ಸೇತುವೆಗೆ ಟೆಂಡರು ಆಗಲಿಕ್ಕೆ ವರ್ಷಗಳು ಬೇಕು. ಮಕ್ಕಳು ನಾಳೆ ಬೆಳಗ್ಗೆ ದಾಟಬೇಕು.

ಈ ದಾರಿಯ ಏಳು ನೂರು ವರ್ಷದ ಕಥೆ ನೋಡಿದರೆ, ರಾಜ ಬದಲಾದ, ಕಂಪನಿ ಬಂತು ಹೋಯಿತು, ಜಿಲ್ಲೆ ಒಡೆಯಿತು, ನಂಬರು ಬದಲಾಯಿತು. ಕಲ್ಲಿನಲ್ಲಿ ಕುಳಿ ಕೆತ್ತಿದೋನು, ಹೊರೆಗಲ್ಲು ನೆಟ್ಟೋರು, ಅರವಟ್ಟಿಗೆ ಹಾಕಿದೋರು ಮಾತ್ರ ಒಂದೇ ಪ್ರಶ್ನೆ ಕೇಳಿಕೊಂಡಿದ್ದರು: ನಡೆದು ಬರೋನಿಗೆ ಏನು ಬೇಕು? ನಾವು ಆ ಪ್ರಶ್ನೆ ಬಿಟ್ಟು ಸುಮಾರು ಅರವತ್ತು, ಎಪ್ಪತ್ತು ವರ್ಷ ಆಗಿರಬಹುದು. ಅಷ್ಟೇ. ಮತ್ತೆ ಕೇಳಲಿಕ್ಕೆ ಹೊತ್ತು ಮೀರಿಲ್ಲ.

ಓದುವ ಮನೆಯ ಮೇಜಿನ ಮೇಲೆ ಒಂದು ಉದ್ದ ನೋಟ್ ಬುಕ್ಕು ಇಟ್ಟಿದ್ದೇನೆ. ಮಕ್ಕಳು, ದೊಡ್ಡೋರು, ತಲೆ ಮೇಲೆ ಹೊರೆ ಇರೋರು ಅಂತ ಗೀಟು ಹಾಕಲಿಕ್ಕೆ ಮೂರು ಸಾಲು ಎಳೆದಿದೆ. ಬರೋ ಮಂಗಳವಾರ ಬೆಳಗ್ಗೆ ಎಂಟು ಗಂಟೆಗೆ ಅದನ್ನು ತಗೊಂಡು ರೋಡಿಗೆ ಹೋಗ್ತೇನೆ. ಮೇಷ್ಟ್ರುಗಳೂ, ಬರೋ ಮನಸ್ಸಿರೋರೂ ಒಂದು ಪೆನ್ಸಿಲ್ ತಗೊಂಡು ಬನ್ನಿ.